ಕೊನೆಯ ಹಾಳೆಯ ಆಚೆ

ಗಿಳಿಯ ಕೊಕ್ಕಿಗೆ ಇನ್ನೂ ಕೆಂಪು ಬಣ್ಣ ಬಂದಿರದ ಕಾಲದಲ್ಲಿ, ಏಳು ಬೆಟ್ಟ ಏಳು ಹೊಳೆಗಳ ಆಚೆ, ಹೊಂಗೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ರಾಜ ಒಳ್ಳೆಯವನೇ. ಆದರೆ ಈ ಕತೆಯಲ್ಲಿ ಅವನಿಗೇನೂ ಕೆಲಸವಿಲ್ಲ, ಅರಮನೆಯಲ್ಲಿ ಹಾಯಾಗಿ ನಿದ್ದೆ ಮಾಡಲಿ. ನಮ್ಮ ಕತೆ ನಡೆಯುವುದು ಅವನ ಮುತ್ತಜ್ಜ ಕಟ್ಟಿಸಿದ ಚಿಕ್ಕಮಕ್ಕಳ ಶಾಲೆಯಲ್ಲಿ. ಆ ಶಾಲೆಯ ಹಿತ್ತಲಿನಲ್ಲಿ ಒಂದು ಪುಸ್ತಕದ ಮನೆ ಇತ್ತು.

ಶಾಲೆಯಲ್ಲಿ ಮಕ್ಕಳು ಎಂಬತ್ತು, ಪುಸ್ತಕಗಳು ನಲವತ್ತು. ಎಲ್ಲವೂ ಕೈಯಲ್ಲಿ ಬರೆದವು, ಕೈಯಲ್ಲಿ ಚಿತ್ರ ಬಿಡಿಸಿದವು. ಹಾಗಾಗಿ ಇಬ್ಬರಿಗೆ ಒಂದೇ ಪುಸ್ತಕ. ಒಬ್ಬರು ದೊಡ್ಡ ತರಗತಿಯವರು, ಇನ್ನೊಬ್ಬರು ಚಿಕ್ಕ ತರಗತಿಯವರು. ಇಬ್ಬರೂ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಪುಸ್ತಕದ ಅರ್ಧ ಇವರ ಮಡಿಲಲ್ಲಿ, ಅರ್ಧ ಅವರ ಮಡಿಲಲ್ಲಿ. ಎಡಪುಟ ದೊಡ್ಡವರದು, ಬಲಪುಟ ಚಿಕ್ಕವರದು. ಗಟ್ಟಿಯಾಗಿ ಓದಬೇಕು. ಇದಕ್ಕೆ ಅವರು ಮಡಿಲೋದು ಎನ್ನುತ್ತಿದ್ದರು.

ಮಡಿಲೋದಿಗೆ ಮೂರು ಕಟ್ಟಳೆ. ಬೆರಳು ನೆಕ್ಕಿ ಪುಟ ತಿರುವಬಾರದು. ಇನ್ನೊಬ್ಬರ ಪುಟಕ್ಕೆ ಬಾಯಿ ಹಾಕಬಾರದು, ಎಷ್ಟೇ ತಡವರಿಸಿದರೂ ಕಾಯಬೇಕು. ಕೊನೆಯ ಹಾಳೆಯನ್ನು ಯಾರೂ ಒಬ್ಬರೇ ಓದಬಾರದು. ಮೊದಲ ಎರಡು ಕಟ್ಟಳೆಗಳನ್ನು ಮುರಿದರೆ ಪುಸ್ತಕದ ಮನೆಯ ಚೆನ್ನಾಜಮ್ಮ ಬೈಯುತ್ತಿದ್ದಳು. ಮೂರನೆಯದನ್ನು ಮುರಿದರೆ ಏನಾಗುತ್ತದೆ ಎಂದು ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಚೆನ್ನಾಜಮ್ಮನಿಗೆ ಎಂಬತ್ತು ವರ್ಷ. ಮದುವೆ ಮಕ್ಕಳು ಏನೂ ಇಲ್ಲ. ಪುಸ್ತಕಗಳಿಗೆ ಬೇವಿನ ಎಲೆ ಇಡುವುದು, ಹರಿದ ಹಾಳೆಗೆ ಅಂಟು ಹಚ್ಚುವುದು, ಮೂಗು ಒರೆಸದೆ ಬಂದ ಮಕ್ಕಳನ್ನು ಬಾವಿಕಟ್ಟೆಗೆ ಓಡಿಸುವುದು, ಇದೇ ಅವಳ ಲೋಕ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಪುಸ್ತಕವಿತ್ತು. ಅದನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ, ತಾನೂ ಬಿಚ್ಚುತ್ತಿರಲಿಲ್ಲ.

ಆ ಊರಿನ ಇನ್ನೊಂದು ವಿಚಿತ್ರ ಹೇಳಬೇಕು. ಕೆಲವು ಮನೆಗಳಲ್ಲಿ ಊಟಕ್ಕೆ ಕೂರುವಾಗ ಒಂದು ತಟ್ಟೆಯನ್ನು ಹೆಚ್ಚಿಗೆ ಇಡುತ್ತಿದ್ದರು. ಯಾರಿಗೆ ಎಂದು ಕೇಳಿದರೆ, "ಗೊತ್ತಿಲ್ಲಪ್ಪ, ನಮ್ಮಮ್ಮ ಇಡ್ತಿದ್ಲು, ನಾನೂ ಇಡ್ತೀನಿ," ಎನ್ನುತ್ತಿದ್ದರು. ಹೇಳಿದ ಮೇಲೂ ಸ್ವಲ್ಪ ಹೊತ್ತು ಆ ಖಾಲಿ ತಟ್ಟೆಯನ್ನೇ ನೋಡುತ್ತಿದ್ದರು.

ಈಗ ದೇವೀರಿಗೆ ಬರೋಣ. ಹತ್ತು ವರ್ಷದ ದೇವೀರಿ ಶಾಲೆಯಲ್ಲೇ ಎಲ್ಲರಿಗಿಂತ ಬೇಗ ಓದುವವಳು. ಅವಳ ಕಣ್ಣು ಒಂದು ಸಾಲಿನಲ್ಲಿದ್ದರೆ ಮನಸ್ಸು ಮುಂದಿನ ಪುಟದಲ್ಲಿರುತ್ತಿತ್ತು. ಅವಳಿಗೆ ಜೋಡಿಯಾಗಿ ಸಿಕ್ಕವಳು ತಿಮ್ಮಿ, ಆರು ವರ್ಷದ ಪೋರಿ. ಎರಡು ಜಡೆ, ಅದರಲ್ಲಿ ಒಂದು ಯಾವಾಗಲೂ ಬಿಚ್ಚಿಹೋಗಿರುತ್ತಿತ್ತು. ತಿಮ್ಮಿ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಉಸಿರು ಎಳೆದು, ಅದನ್ನು ಹೇಳಿ, ಸರಿಯಾಯಿತೇ ಎಂದು ದೇವೀರಿಯ ಮುಖ ನೋಡಿ, ಆಮೇಲೆ ಮುಂದಿನ ಅಕ್ಷರಕ್ಕೆ ಹೋಗುತ್ತಿದ್ದಳು. ಚಿತ್ರ ಬಂತೆಂದರೆ ಅಲ್ಲೇ ಬೀಡು ಬಿಡುತ್ತಿದ್ದಳು. "ಅಕ್ಕ, ಕಪ್ಪೆಗೆ ಚಪ್ಪಲಿ ಹಾಕವ್ರೆ ನೋಡು!" ದೇವೀರಿ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ತಿಮ್ಮಿ ಎಂದರೆ ಪ್ರೀತಿ, ತಿಮ್ಮಿಯ ಓದು ಎಂದರೆ ತಲೆನೋವು.

ಅವರಿಬ್ಬರ ಕೈಗೆ ಬಂದ ಪುಸ್ತಕ ಕಪ್ಪೆರಾಯನ ಕೊಡೆಯ ಕತೆ. ಕಪ್ಪೆಗಳ ದೇಶದಲ್ಲಿ ಹನ್ನೆರಡು ವರ್ಷದಿಂದ ಮಳೆಯೇ ಇಲ್ಲ. ಕಪ್ಪೆರಾಯ ಮಳೆಯನ್ನು ಹುಡುಕಿಕೊಂಡು ಊರೂರು ಅಲೆದ. ಯಾರೂ ಕೊಡಲಿಲ್ಲ. ಒಬ್ಬ ಮುದುಕಿ ಮಾತ್ರ ಒಂದು ಹಳೆಯ ಮಡಚಿದ ಕೊಡೆ ಕೊಟ್ಟು, ಬೆಟ್ಟದ ತುದಿಗೆ ಹೋಗಿ ಬಿಚ್ಚು ಎಂದಳು. ಕಪ್ಪೆರಾಯ ಬೆಟ್ಟ ಹತ್ತಿದ. ಕೊಡೆಯ ಗುಂಡಿಗೆ ಕೈ ಹಾಕಿದ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಉಳಿದದ್ದು ಕೊನೆಯ ಹಾಳೆ ಮಾತ್ರ. ಅದು ಬಲಪುಟ, ತಿಮ್ಮಿಯ ಪುಟ.

"ನಾಳೆ ಓದಾಣ," ಎಂದಳು ಚೆನ್ನಾಜಮ್ಮ.

ದೇವೀರಿಗೆ ಅಂದು ಅನ್ನ ಸೇರಲಿಲ್ಲ. ಕೊಡೆಯೊಳಗೆ ಏನಿತ್ತು? ಮರುದಿನ ಬೆಳಗ್ಗೆ ಪಾಠ, ಆಮೇಲೆ ಹಾಡು, ಆಮೇಲೆ ಇನ್ನೂ ಏನೇನೋ. ಮಡಿಲೋದು ಊಟದ ನಂತರ. ಮಟಮಟ ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತರು. ತಿಮ್ಮಿಯ ತಾಯಿ ಹೊನ್ನಮ್ಮನೇ ಶಾಲೆಯಲ್ಲಿ ಅಡಿಗೆ ಮಾಡಿ ಬಡಿಸುವವಳು. ತಿಮ್ಮಿ ಜಡೆ ಬಿಚ್ಚಿಕೊಂಡು ಸಾಲಿನಲ್ಲಿ ಕೂತಿದ್ದಳು. ದೇವೀರಿ ಮೆಲ್ಲಗೆ ಎದ್ದು ಪುಸ್ತಕದ ಮನೆಗೆ ಜಾರಿದಳು. ಬಿಸಿಲು ನೆತ್ತಿಯ ಮೇಲಿತ್ತು, ಯಾರ ನೆರಳೂ ಕಾಣುತ್ತಿರಲಿಲ್ಲ.

ಅವಳು ಪುಸ್ತಕ ತೆಗೆದಳು. ಕೊನೆಯ ಹಾಳೆ ಓದಿದಳು. ಮೂರೇ ಸಾಲು ಇತ್ತು, ಒಂದೇ ಉಸಿರಿಗೆ ಮುಗಿಯಿತು. ಅದರಲ್ಲಿ ಏನಿತ್ತು ಎಂದು ನಾನೀಗ ಹೇಳುವುದಿಲ್ಲ. ಅದು ತಿಮ್ಮಿಯ ಪುಟ, ತಿಮ್ಮಿಯೇ ಓದಲಿ.

ಓದಿ ಮುಗಿಸಿದ ಕೂಡಲೇ ಅವಳ ಕಿವಿಯ ಹತ್ತಿರ ಒಂದು ಸದ್ದು ಕೇಳಿಸಿತು. ಚಪ್ ಎಂದು ಯಾರೋ ಬೆರಳು ನೆಕ್ಕಿದ ಸದ್ದು. ಅದರ ಹಿಂದೆಯೇ ಸರ್ರನೆ ಪುಟ ತಿರುವಿದ ಸದ್ದು. ಅವಳ ಕೈಯಲ್ಲಿದ್ದ ಪುಸ್ತಕ ಅಲುಗಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ನೋಡುತ್ತಿದ್ದಂತೆಯೇ ಹಾಳೆಯ ಮೇಲಿನ ಅಕ್ಷರಗಳು ಇರುವೆಗಳ ಹಾಗೆ ಸಾಲುಗಟ್ಟಿ ಅಂಚಿನ ಕಡೆ ಹೊರಟವು. ಅಂಚು ದಾಟಿ ಹೋದವು. ಹಾಳೆ ಖಾಲಿಯಾಯಿತು. ಆಮೇಲೆ ಆ ಖಾಲಿ ಹಾಳೆಯ ಮೇಲೆ ನಿಧಾನವಾಗಿ ಒಂದು ಚಿತ್ರ ಮೂಡಿತು. ಬೆನ್ನು ತೋರಿಸಿ ನಿಂತ ಒಂದು ಪುಟ್ಟ ಹುಡುಗಿ. ಎರಡು ಜಡೆ, ಒಂದು ಬಿಚ್ಚಿದೆ.

ದೇವೀರಿ ಅಂಗಳಕ್ಕೆ ಓಡಿದಳು. ಸಾಲಿನಲ್ಲಿ ತಿಮ್ಮಿ ಇರಲಿಲ್ಲ. ತಿಮ್ಮಿ ಕೂತಿದ್ದ ಜಾಗವೂ ಇರಲಿಲ್ಲ, ಅತ್ತ ಇತ್ತ ಕೂತಿದ್ದ ಮಕ್ಕಳು ಭುಜಕ್ಕೆ ಭುಜ ತಾಗಿಸಿ ಉಣ್ಣುತ್ತಿದ್ದರು.

"ತಿಮ್ಮಿ ಎಲ್ಲಿ?"

"ಯಾವ ತಿಮ್ಮಿ?" ಎಂದರು ಮಕ್ಕಳು.

ದೇವೀರಿ ಹೊನ್ನಮ್ಮನ ಸೆರಗು ಹಿಡಿದು ಎಳೆದಳು. "ಹೊನ್ನಮ್ಮತ್ತೆ, ನಿಮ್ಮ ತಿಮ್ಮಿ ಎಲ್ಲಿ?"

"ನನ್ನ ತಿಮ್ಮಿಯಾ?" ಹೊನ್ನಮ್ಮ ನಕ್ಕಳು. "ನಂಗೆ ಇರೋದು ನಾಕೇ ಮಕ್ಳು ಕಣವ್ವ. ಅದ್ರಲ್ಲಿ ತಿಮ್ಮಿ ಅಂತ ಯಾರೂ ಇಲ್ವಲ್ಲ." ಹಾಗೆನ್ನುವಾಗ ಅವಳ ಬಲಗೈಯಲ್ಲಿ ಒಂದು ಅನ್ನದ ತುತ್ತು ಇತ್ತು. ಪುಟ್ಟ ಬಾಯಿಗೆ ಆಗುವಷ್ಟೇ ಪುಟ್ಟ ತುತ್ತು. ಅವಳ ನಗು ನಿಂತಿತು. ಈ ತುತ್ತು ಯಾರಿಗೆ ಎಂದು ತಿಳಿಯದೆ ಅವಳು ಅದನ್ನೇ ನೋಡುತ್ತಾ ನಿಂತಳು.

ತಾನು ಮಾಡಿದ್ದು ಏನೆಂದು ದೇವೀರಿಗೆ ಪೂರ್ತಿ ತಿಳಿಯದಿದ್ದರೂ ಮಾಡಿದವಳು ತಾನೇ ಎಂದು ತಿಳಿಯಿತು. ಅವಳು ಅಳುತ್ತಾ ಪುಸ್ತಕದ ಮನೆಗೆ ವಾಪಸು ಬಂದಳು. ಬಾಗಿಲಲ್ಲಿ ಚೆನ್ನಾಜಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಆ ಪುಸ್ತಕವಿತ್ತು.

"ತಿಮ್ಮೀನ ಬಿಟ್ಟು ಓದಿದೆಯಾ?" ಎಂದಳು ಚೆನ್ನಾಜಮ್ಮ.

ದೇವೀರಿಯನ್ನು ಬಿಟ್ಟರೆ ಊರಿನಲ್ಲಿ ತಿಮ್ಮಿಯ ಹೆಸರು ನೆನಪಿದ್ದವಳು ಅವಳೊಬ್ಬಳೇ. ದೇವೀರಿ ಅವಳ ಕಾಲು ಹಿಡಿದುಕೊಂಡಳು. "ಅಜ್ಜಿ, ನಿಮಗೆ ಹೆಂಗೆ ನೆನಪೈತೆ?"

"ಕೊನೆ ಹಾಳೆ ಒಬ್ಬರೇ ಓದಿದೋರಿಗೆ ಮಾತ್ರ ನೆನಪಿರುತ್ತೆ," ಎಂದಳು ಚೆನ್ನಾಜಮ್ಮ. ನೆಲದ ಮೇಲೆ ಕೂತು ಪುಸ್ತಕ ಬಿಚ್ಚಿದಳು. "ಕೇಳು. ಹಿಂದೆ ಅರಮನೇಲಿ ತಿರುವಯ್ಯ ಅಂತ ಒಬ್ಬ ಮಾಂತ್ರಿಕ ಇದ್ದ. ರಾಜ್ಯದ ಕತೆಗಳೆಲ್ಲಾ ಅವನ ಕೈಲೇ ಇದ್ವು. ಯಾರಿಗೂ ಓದಿ ಹೇಳ್ತಿರಲಿಲ್ಲ. ಬೆರಳು ನೆಕ್ಕೋದು, ಪುಟ ತಿರುವೋದು, ಒಬ್ಬನೇ. ಓದಿ ಓದಿ ಅವನೇ ಹಾಳೆಯಾಗಿ ಕೊನೆ ಹಾಳೆಯ ಆಚೆ ಹೊರಟೋದ. ಈಗ ಅವನಿಗೆ ಓದೋಕೆ ಕತೆ ಉಳಿದಿಲ್ಲ. ಮಕ್ಕಳನ್ನೇ ಓದ್ತಾನೆ. ನಾವು ಯಾರನ್ನ ಬಿಟ್ಟು ಓದ್ತೀವೋ ಅವರು ಅವನ ಪಾಲು."

ಚಿತ್ರದ ಹುಡುಗಿ ಈಗ ಮೊದಲಿಗಿಂತ ಚಿಕ್ಕದಾಗಿ ಕಾಣುತ್ತಿದ್ದಳು. ಅವಳು ಹಾಳೆಯೊಳಗೆ ನಡೆಯುತ್ತಿದ್ದಳು.

"ನೆರಳು ಮತ್ತೆ ಕಾಲಿಂದ ಆಚೆ ಬರೋ ಹೊತ್ತಿಗೆ ಅವಳು ಕಾಣದಂಗಾಗ್ತಾಳೆ. ಅಷ್ಟರೊಳಗೆ ಹೋಗಬೇಕು. ಕೊನೆ ಹಾಳೆಯ ಹಿಂದೆ ಇನ್ನೊಂದು ಹಾಳೆ ಇರುತ್ತೆ. ಬೆರಳು ನೆಕ್ಕಿ ತಿರುವಿದರೆ ಮಾತ್ರ ಸಿಗುತ್ತೆ." ಚೆನ್ನಾಜಮ್ಮ ಒಂದು ಸಲ ಮೇಲಿನ ಹಲಗೆಯ ಕೆಂಪು ಗಂಟನ್ನು ನೋಡಿದಳು. "ಒಬ್ಬಳು ಬೆರಳು ನೆಕ್ಕಿ ನಿಂತಿದ್ಲು, ಬಾಳ ಹಿಂದೆ. ತಿರುವೋಕೆ ಧೈರ್ಯ ಬರಲಿಲ್ಲ. ಬೆರಳು ಒಣಗೋಯ್ತು."

ದೇವೀರಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಬೆರಳು ನೆಕ್ಕಿ, ಕೊನೆಯ ಹಾಳೆಯ ಮೂಲೆಗೆ ಒತ್ತಿದಳು. ನಾಲಗೆಗೆ ಮಸಿಯ ಕಹಿ ಹತ್ತಿತು. ಇಲ್ಲದ ಹಾಳೆ ಬೆರಳಿಗೆ ಸಿಕ್ಕಿತು. ಅವಳು ತಿರುವಿದಳು.

ಅಲ್ಲಿ ನೆಲ ಬೆಳ್ಳಗಿತ್ತು. ಆಕಾಶವೂ ಬೆಳ್ಳಗಿತ್ತು. ಎಲ್ಲಿ ನೆಲ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಕಪ್ಪು ಗೆರೆಯ ಮರಗಳು ನಿಂತಿದ್ದವು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೇವೀರಿ ಹೆಜ್ಜೆ ಇಟ್ಟರೆ ಸದ್ದಾಗುತ್ತಿರಲಿಲ್ಲ. ದೂರದಲ್ಲೆಲ್ಲೋ ಚಪ್ ಎಂದಿತು, ಸರ್ರ್ ಎಂದಿತು. ಅದೊಂದೇ ಸದ್ದು. ಅವಳು ಪುಸ್ತಕವನ್ನು ಎದೆಗೆ ಅವಚಿಕೊಂಡು ಆ ಸದ್ದಿನ ಕಡೆಗೇ ನಡೆದಳು.

ಆ ದಾರಿಗೆ ಮೂರು ಬಾಗಿಲು. ಮೊದಲನೆಯ ಬಾಗಿಲಲ್ಲಿ ಗೆದ್ದಲುರಾಣಿ ಮಲಗಿದ್ದಳು. ಆನೆಯಷ್ಟು ದೊಡ್ಡವಳು, ಹುಟ್ಟು ಕುರುಡಿ. ಅವಳ ಹೊಟ್ಟೆಯ ಚರ್ಮ ತೆಳ್ಳಗೆ ಬೆಳ್ಳಗೆ ಇತ್ತು. ಒಳಗೆ ಅವಳು ತಿಂದ ಅಕ್ಷರಗಳು ಮೀನಿನಂತೆ ಈಜುತ್ತಿದ್ದವು.

"ಹತ್ತು ಸಾವಿರ ಕತೆ ತಿಂದಿದ್ದೇನೆ," ಎಂದಳು ಗೆದ್ದಲುರಾಣಿ, "ಒಂದನ್ನೂ ಕೇಳಿಲ್ಲ. ಒಂದು ಕತೆ ಓದಿ ಹೇಳು, ದಾರಿ ಬಿಡುತ್ತೇನೆ. ಅರ್ಧಂಬರ್ಧ ಓದಿದರೆ ನಿನ್ನನ್ನೂ ತಿನ್ನುತ್ತೇನೆ."

ದೇವೀರಿ ಅವಳ ಹೊಟ್ಟೆಗೆ ಮುಖ ತಾಗಿಸಿ ಕೂತಳು. ಅದು ತಣ್ಣಗಿತ್ತು, ಒಳಗಿನ ಅಕ್ಷರಗಳು ಅವಳ ಕೆನ್ನೆಗೆ ತಾಗುತ್ತಿದ್ದವು. ಅವಳು ಒಂದೊಂದನ್ನೇ ಹಿಡಿದು ಓದಿದಳು. ಮೂರು ಕಾಲಿನ ಬೆಕ್ಕೊಂದು ನಾಲ್ಕನೆಯ ಕಾಲನ್ನು ಹುಡುಕಿ ಹೋದ ಕತೆ ಅದು. ಅವಳು ಗಡಗಡನೆ ಓದಿ ಎದ್ದಳು.

"ಚಿತ್ರ?" ಎಂದಳು ಗೆದ್ದಲುರಾಣಿ. ಅವಳ ಬಾಯಿ ಮೆಲ್ಲಗೆ ತೆರೆಯಿತು. "ಕತೆಗೆ ಚಿತ್ರ ಇರುತ್ತದಂತಲ್ಲ. ನನಗೆ ತೋರಿಸಲಿಲ್ಲ."

ಕುರುಡಿಗೆ ಚಿತ್ರ ತೋರಿಸುವುದು ಹೇಗೆ? ಚಿತ್ರ ಬಂದಾಗಲೆಲ್ಲ ಪುಟ ತಿರುವಲು ಬಿಡದೆ ಕೈ ಅಡ್ಡ ಇಡುತ್ತಿದ್ದ ತಿಮ್ಮಿ ದೇವೀರಿಗೆ ನೆನಪಾದಳು. ಅವಳು ಮತ್ತೆ ಕೂತಳು. ಗೆದ್ದಲುರಾಣಿಯ ಮೀಸೆಯನ್ನು ತನ್ನ ಕೈಯಲ್ಲಿ ಹಿಡಿದು ನೆಲದ ಮೇಲೆ ಗೀಚಿಸಿದಳು. "ಇದು ಬೆಕ್ಕಿನ ಕಿವಿ. ಇದು ಬಾಲ. ಒಂದು ಕಾಲು, ಎರಡು, ಮೂರು. ಇಲ್ಲಿ ನೋಡಿ, ಇಲ್ಲಿ ಏನೂ ಇಲ್ಲ, ಇಲ್ಲೇ ನಾಕನೇ ಕಾಲು ಇರಬೇಕಿತ್ತು."

ಗೆದ್ದಲುರಾಣಿ ಆ ಖಾಲಿ ಜಾಗವನ್ನು ಮೀಸೆಯಿಂದ ಸವರಿದಳು. ತುಂಬ ಹೊತ್ತು ಸವರಿದಳು. ಆಮೇಲೆ, "ಪಾಪ," ಎಂದು ಪಕ್ಕಕ್ಕೆ ಸರಿದಳು.

ಎರಡನೆಯ ಬಾಗಿಲಲ್ಲಿ ಗಂಡಭೇರುಂಡ ಕೂತಿತ್ತು. ಒಂದೇ ಮೈ, ಎರಡು ತಲೆ, ಮುಂದೆ ಒಂದೇ ಪುಸ್ತಕ. ಎಡತಲೆ ಬೇಗ ಓದಿ ಪುಟ ತಿರುವುತ್ತಿತ್ತು. ಬಲತಲೆ ಅರ್ಧ ಸಾಲು ಓದುವಷ್ಟರಲ್ಲಿ ಪುಟ ಹೋಗಿರುತ್ತಿತ್ತು. ಅದು ಎಡತಲೆಯ ಕಣ್ಣಿಗೆ ಕುಕ್ಕುತ್ತಿತ್ತು. ಎರಡೂ ತಲೆಗಳ ಮೇಲೆ ಒಂದು ಗರಿಯೂ ಉಳಿದಿರಲಿಲ್ಲ, ರಕ್ತ ಪುಸ್ತಕದ ಮೇಲೆ ಸುರಿಯುತ್ತಿತ್ತು.

"ನಮ್ಮ ಜಗಳ ಬಿಡಿಸು," ಎಂದವು ಎರಡೂ ತಲೆಗಳು. "ಬಿಡಿಸದೆ ಹೋದರೆ ನಿನ್ನ ಒಂದೊಂದು ಕಣ್ಣು ಒಬ್ಬೊಬ್ಬರಿಗೆ."

"ಎಡಪುಟ ನಿಂದು," ಎಂದಳು ದೇವೀರಿ ಎಡತಲೆಗೆ. "ಬಲಪುಟ ನಿಂದು," ಎಂದಳು ಬಲತಲೆಗೆ. "ಗಟ್ಟಿಯಾಗಿ ಓದಿ. ಒಂದು ಓದಿ ಮುಗಿಸೋವರೆಗೂ ಇನ್ನೊಂದು ಬಾಯಿ ಮುಚ್ಚಿಕೊಂಡಿರಬೇಕು."

ಎಡತಲೆ ತನ್ನ ಪುಟ ಓದಿತು. ಬಲತಲೆ ಶುರು ಮಾಡಿತು, ತಡವರಿಸಿತು, ಮತ್ತೆ ಶುರು ಮಾಡಿತು. ಎಡತಲೆ ಕೊಕ್ಕು ಕಡಿಯಿತು, ಕತ್ತು ತಿರುಚಿತು, "ಇದಕ್ಕೆ ಓದೋಕೇ ಬರಲ್ಲ, ನಾನೇ ಓದಿ ಬಿಸಾಕ್ತೀನಿ!" ಎಂದು ಕಿರುಚಿತು.

ದೇವೀರಿ ಅದರ ಮುಖ ನೋಡಿದಳು. ಅದು ಅವಳದೇ ಮುಖ. ಹೀಗೆಯೇ ಹಲ್ಲು ಕಡಿಯುತ್ತಾ ತಾನು ತಿಮ್ಮಿಯ ಪಕ್ಕ ಕೂತಿರುತ್ತಿದ್ದೆ ಎಂದು ತಿಳಿದು ಅವಳಿಗೆ ಸಾಯುವಷ್ಟು ನಾಚಿಕೆಯಾಯಿತು. ಅವಳು ಆ ಗರಿಯಿಲ್ಲದ ತಲೆಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಕಾಯಿ. ನಾನೂ ನಿನ್ನ ಜತೆ ಕಾಯ್ತೀನಿ," ಎಂದಳು. ಬಲತಲೆ ಕೊನೆಗೂ ಪುಟ ಮುಗಿಸಿತು. ಕತೆಯಲ್ಲಿ ಒಂದು ನಗೆಯ ಮಾತು ಬಂತು. ಸಾವಿರ ವರ್ಷದಲ್ಲಿ ಮೊದಲ ಸಲ ಎರಡು ತಲೆಗಳೂ ಒಟ್ಟಿಗೆ ನಕ್ಕವು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಿಗೆ ಕಾವಲಿರಲಿಲ್ಲ. ಅದರ ಒಳಗೆ ಒಂದು ಪುಸ್ತಕದ ಮನೆ ಇತ್ತು. ಶಾಲೆಯದರಂತೆಯೇ ಹಲಗೆಗಳು, ಅಂಥವೇ ಚಾಪೆಗಳು. ಚಾಪೆಗಳ ಮೇಲೆ ಹನ್ನೊಂದು ಮಕ್ಕಳು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಎಲ್ಲರ ಮಡಿಲಲ್ಲೂ ಖಾಲಿ ಪುಸ್ತಕ. ಯಾರೂ ತಲೆ ಎತ್ತಲಿಲ್ಲ. ಒಬ್ಬಳು ಹಳೆಯ ಕಾಲದ ಲಂಗ ತೊಟ್ಟಿದ್ದಳು, ಅವಳು ಎಷ್ಟು ತೆಳ್ಳಗಾಗಿದ್ದಳೆಂದರೆ ಅವಳ ಮೂಲಕ ಹಿಂದಿನ ಗೋಡೆ ಕಾಣುತ್ತಿತ್ತು. ಕೊನೆಯಲ್ಲಿ ಕೂತಿದ್ದವಳು ತಿಮ್ಮಿ.

ಚಪ್.

ತಿರುವಯ್ಯ ಹಲಗೆಗಳ ನಡುವಿನಿಂದ ಬಂದ. ಎದುರಿಗೆ ನಿಂತಾಗ ಅವನು ಎತ್ತರದ ಮನುಷ್ಯ, ಪಕ್ಕಕ್ಕೆ ತಿರುಗಿದರೆ ಬರೀ ಒಂದು ಗೆರೆ. ಅವನ ಮುಖದ ತುಂಬ ಸಣ್ಣ ಅಕ್ಷರಗಳು ಹರಿದಾಡುತ್ತಿದ್ದವು. ಬಲಗೈಯ ತೋರುಬೆರಳು ಉದ್ದವಾಗಿ ಕಪ್ಪಾಗಿತ್ತು, ತುದಿ ಒದ್ದೆಯಾಗಿತ್ತು. ಅವನು ಆ ಬೆರಳನ್ನು ಒಂದು ಮಗುವಿನ ಭುಜಕ್ಕೆ ಇಟ್ಟು ತಿರುವಿದ. ಮಗು ಸರ್ರನೆ ಮಗುಚಿಕೊಂಡಿತು, ಮತ್ತೂ ತೆಳ್ಳಗಾಯಿತು.

"ಬಾ ದೇವೀರಿ," ಎಂದ ಅವನು. "ನೀನೂ ನನ್ನ ಹಾಗೆಯೇ. ಇನ್ನೊಬ್ಬರಿಗಾಗಿ ಯಾಕೆ ಕಾಯಬೇಕು?"

"ತಿಮ್ಮಿ ಅವಳ ಪುಟ ಓದಿಲ್ಲ," ಎಂದಳು ದೇವೀರಿ. "ಅವಳ ಪುಟ ಅವಳಿಗೆ ಕೊಡು."

ತಿರುವಯ್ಯನ ಮುಖದ ಅಕ್ಷರಗಳು ಒಂದು ಕ್ಷಣ ನಿಂತವು. "ಬಂದು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ, ಅದೊಂದು ಕಟ್ಟು ನನಗಿದೆ. ಇಷ್ಟು ವರ್ಷ ಯಾರೂ ಬಂದು ಕೇಳಲಿಲ್ಲ. ಆಗಲಿ, ನಾನು ಮೂರು ಸಲ ಬೆರಳು ನೆಕ್ಕುವುದರೊಳಗೆ ಅವಳು ಓದಿ ಮುಗಿಸಲಿ. ನೀನು ಒಂದೇ ಒಂದು ಅಕ್ಷರ ಹೇಳಿಕೊಟ್ಟರೂ ಇಬ್ಬರೂ ನನ್ನವರು." ಅವನು ನಕ್ಕ. "ನೀನು ಕಾಯುವ ಹುಡುಗಿ ಅಲ್ಲ. ನಿನ್ನನ್ನು ನಾನು ಓದಿದ್ದೇನೆ."

ದೇವೀರಿ ತಿಮ್ಮಿಯ ಪಕ್ಕದಲ್ಲಿ ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿದಳು. ತಿಮ್ಮಿಯ ಮೊಣಕಾಲು ಕಾಗದದಂತೆ ತಣ್ಣಗೆ ಚಪ್ಪಟೆಯಾಗಿತ್ತು. ತಂದ ಪುಸ್ತಕವನ್ನು ಬಿಚ್ಚಿ ಅರ್ಧ ತನ್ನ ಮಡಿಲಿಗೆ, ಅರ್ಧ ತಿಮ್ಮಿಯ ಮಡಿಲಿಗೆ ಇಟ್ಟಳು. ಅಲ್ಲಿ ಖಾಲಿಯಾಗಿದ್ದ ಹಾಳೆ ಇಲ್ಲಿ ತುಂಬಿತ್ತು. ಓಡಿಹೋದ ಅಕ್ಷರಗಳೆಲ್ಲ ಇಲ್ಲಿಗೇ ಬಂದಿದ್ದವು.

ಅವಳು ಎಡಪುಟ ಓದಿದಳು. "ಕಪ್ಪೆರಾಯ ಬೆಟ್ಟ ಹತ್ತಿದ. ಕೊಡೆಯ ಗುಂಡಿಗೆ ಕೈ ಹಾಕಿದ." ಆಮೇಲೆ ಮೆಲ್ಲಗೆ, "ನಿನ್ನ ಪುಟ ಕಣೆ, ತಿಮ್ಮಿ," ಎಂದಳು.

ತಿಮ್ಮಿ ತಲೆ ಎತ್ತಲಿಲ್ಲ. ಆದರೆ ಅವಳ ಬೆರಳು ಅಲುಗಿತು, ಮೊದಲ ಅಕ್ಷರದ ಕೆಳಗೆ ಬಂದು ಕೂತಿತು.

"ಕ," ಎಂದಳು ತಿಮ್ಮಿ. ಕಾಗದ ಉಜ್ಜಿದಂಥ ದನಿ. "ಕ... ಪ್ಪೆ... ರಾ... ಯ."

ಅವಳು ತಿರುಗಿ ದೇವೀರಿಯ ಮುಖ ನೋಡಿದಳು, ಸರಿಯಾಯಿತೇ ಎಂಬಂತೆ. ದೇವೀರಿ ತಲೆಯಾಡಿಸಿದಳು.

"ಕೊ... ಡೆ... ಬಿ... ಚ್ಚಿ... ದ."

ಚಪ್. ತಿರುವಯ್ಯ ಒಂದು ಸಲ ಬೆರಳು ನೆಕ್ಕಿದ. ಮೂರು ಸಾಲಿನಲ್ಲಿ ಒಂದೇ ಮುಗಿದಿತ್ತು.

ಎರಡನೆಯ ಸಾಲಿನಲ್ಲಿ ತಿಮ್ಮಿಯ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದೆ ಬಂತು. ದೇವೀರಿಗೆ ಆ ಸಾಲು ಬಾಯಿಪಾಠವಿತ್ತು, ಹೇಳಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ತಿರುವಯ್ಯ ಅವಳ ಕಿವಿಯ ಹತ್ತಿರ ಬಗ್ಗಿದ. "ಪಾಪ, ಎಷ್ಟು ಕಷ್ಟಪಡುತ್ತಿದ್ದಾಳೆ. ಒಂದು ಅಕ್ಷರ ಹೇಳಿಕೊಡು. ಅಕ್ಕ ಅಲ್ಲವೇ ನೀನು?" ಅವನ ಉಸಿರಿನಲ್ಲಿ ಹಳೆಯ ಅಂಟಿನ ವಾಸನೆ ಇತ್ತು.

"ಅಕ್ಕ," ಎಂದಳು ತಿಮ್ಮಿ, "ನಂಗೆ ಬರಲ್ಲ. ನೀನೇ ಓದು."

ಚಪ್. ಎರಡನೆಯ ಸಲ.

ದೇವೀರಿಗೆ ಅಳು ಬಂತು. ಜೀವಮಾನದಲ್ಲಿ ಅವಳಿಗೆ ಯಾವ ಕೆಲಸವೂ ಇಷ್ಟು ಕಷ್ಟವಾಗಿರಲಿಲ್ಲ. ಅವಳು ನಾಲಗೆಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿಕೊಂಡಳು, ಆಮೇಲೆ ಬಿಟ್ಟು, "ನಿನ್ನ ಪುಟ ಕಣೆ. ನೀನೇ ಓದಬೇಕು. ಎಷ್ಟೊತ್ತಾದರೂ ಆಗಲಿ, ನಾನು ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಹೋಗಲ್ಲ," ಎಂದಳು.

ತಾಗಿದ್ದ ಮೊಣಕಾಲು ಸ್ವಲ್ಪ ಬೆಚ್ಚಗಾಯಿತು.

"ಕೊಡೆಯ," ಎಂದಳು ತಿಮ್ಮಿ. "ಒ... ಳ... ಗೆ. ಒಳಗೆ. ಮ... ಳೆ..." ಅವಳ ಕಣ್ಣು ಅರಳಿತು. "ಅಕ್ಕ! ಕೊಡೆ ಒಳಗೆ ಮಳೆ ಇತ್ತು!"

ತಿರುವಯ್ಯ ಮೂರನೆಯ ಸಲ ನೆಕ್ಕಲು ಬೆರಳು ಎತ್ತಿದ. ಆ ಬೆರಳಿನ ಮೇಲೆ ಒಂದು ಹನಿ ನೀರು ಬಿತ್ತು. ಆ ಬೆಳ್ಳಗಿನ ಆಕಾಶದಿಂದ, ಎಲ್ಲಿಂದಲೋ. ಬೆರಳು ಮಸಿಯಾಗಿ ಕರಗಿ ಮೊಣಕೈಗೆ ಇಳಿಯಿತು. ಬೆರಳೇ ಇಲ್ಲದ ಕೈಯನ್ನು ನೋಡಿ ಅವನು, "ಪುಸ್ತಕ ಮುಚ್ಚು! ಮುಚ್ಚು!" ಎಂದು ಕೂಗಿದ.

ತಿಮ್ಮಿಗೆ ಯಾವ ಅವಸರವೂ ಇರಲಿಲ್ಲ. ಅವಳು ಮೂರನೆಯ ಸಾಲಿಗೆ ಬೆರಳಿಟ್ಟು, ಉಸಿರು ಎಳೆದು, ಒಂದೊಂದೇ ಅಕ್ಷರ ಓದಿದಳು. "ಎ... ಲ್ಲ... ರೂ... ನೆ... ನೆ... ದ... ರು."

ಎಲ್ಲರೂ ನೆನೆದರು. ಹನ್ನೆರಡು ವರ್ಷದ ಮಳೆ ಒಂದೇ ಸಲ ಸುರಿಯಿತು. ತಿರುವಯ್ಯನ ಮುಖದ ಅಕ್ಷರಗಳು ಗಲ್ಲದಿಂದ ಎದೆಗೆ, ಎದೆಯಿಂದ ಕಾಲಿಗೆ ಹರಿದು ಹೋದವು. ಅವನು ಕದ್ದ ಕತೆಗಳೆಲ್ಲ ಕಪ್ಪು ನೀರಾಗಿ ನೆಲದಲ್ಲಿ ಹರಿದವು. ಕೊನೆಗೆ ಉಳಿದದ್ದು ಒಂದು ಖಾಲಿ ಒದ್ದೆ ಹಾಳೆ. ಮಳೆ ಬಿದ್ದ ಮಕ್ಕಳು ಒಬ್ಬೊಬ್ಬರಾಗಿ ಉಬ್ಬಿಕೊಂಡರು, ಸೀನಿದರು, ಒಬ್ಬರ ಮುಖ ಒಬ್ಬರು ನೋಡಿದರು.

ಪುಸ್ತಕದ ಮನೆಯ ಚಾಪೆಯ ಮೇಲೆ ಹನ್ನೆರಡು ಮಕ್ಕಳು ತೊಯ್ದು ತೊಪ್ಪೆಯಾಗಿ ಬಂದು ಬಿದ್ದಾಗ ಹೊರಗೆ ಬಿಸಿಲು ಇನ್ನೂ ನೆತ್ತಿಯ ಮೇಲೆಯೇ ಇತ್ತು. ಅಂಗಳದಲ್ಲಿ ಹೊನ್ನಮ್ಮ ಆ ಪುಟ್ಟ ತುತ್ತನ್ನು ಹಿಡಿದು ಹಾಗೆಯೇ ನಿಂತಿದ್ದಳು. ತಿಮ್ಮಿ ನೀರು ಸುರಿಸಿಕೊಂಡು ಓಡಿ ಹೋಗಿ ಅವಳ ಮುಂದೆ ಬಾಯಿ ತೆರೆದಳು. ತುತ್ತು ಬಾಯಿಗೆ ಹೋಯಿತು. "ಎಲ್ಲಿ ಹಾಳಾಗಿ ಹೋಗಿದ್ದೆಯೇ, ಜಡೆ ನೋಡು, ಮೈ ನೋಡು!" ಎಂದು ಬೈಯುತ್ತಾ ಹೊನ್ನಮ್ಮ ಅವಳನ್ನು ಎತ್ತಿಕೊಂಡಳು. ತಾನೇಕೆ ಅಷ್ಟು ಅಳುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ.

ಉಳಿದ ಮಕ್ಕಳೂ ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋದರು. ಎಲ್ಲೆಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದರೋ ಅಲ್ಲಲ್ಲಿ ಹೋಗಿ ಕೂತರು. ಆ ಮನೆಯವರು ಏನನ್ನೂ ಕೇಳದೆ ಬಡಿಸಿದರು.

ಹಳೆಯ ಕಾಲದ ಲಂಗದ ಹುಡುಗಿ ಮಾತ್ರ ಪುಸ್ತಕದ ಮನೆಯಲ್ಲೇ ನಿಂತು ಅತ್ತ ಇತ್ತ ನೋಡಿದಳು. "ನಮ್ಮಕ್ಕ ಎಲ್ಲಿ?" ಎಂದಳು.

ಚೆನ್ನಾಜಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಹುಡುಗಿ ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ನೀನ್ಯಾರಜ್ಜಿ?"

"ನಾಗಿ, ನಾನೇ ಕಣೆ ನಿನ್ನಕ್ಕ,"  ಎಂದಳು ಚೆನ್ನಾಜಮ್ಮ. "ಬರೋದು ವಸಿ ತಡ ಆಯ್ತು."

ನಾಗಿ ಅವಳ ಮುಖವನ್ನು ಬಗ್ಗಿ ಬಗ್ಗಿ ನೋಡಿದಳು. ಎಡ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತನ್ನು ಮುಟ್ಟಿದಳು. ಆಮೇಲೆ ಮುಖ ಊದಿಸಿಕೊಂಡು, "ನನ್ನ ಬಿಟ್ಟು ಓದಿದೆ ನೀನು," ಎಂದಳು.

"ಹೂಂ, ಓದಿದೆ. ತಪ್ಪಾಯ್ತು," ಎಂದು ಎಂಬತ್ತು ವರ್ಷದ ಚೆನ್ನಾಜಮ್ಮ ಆರು ವರ್ಷದ ತಂಗಿಯ ಮುಂದೆ ಕೈ ಮುಗಿದು ನಿಂತಳು. ಅದನ್ನು ನೋಡಿ ದೇವೀರಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತ ಮೇಲೆ ಏಣಿ ತಂದು ಮೇಲಿನ ಹಲಗೆಯ ಕೆಂಪು ಗಂಟನ್ನು ಅವಳೇ ಇಳಿಸಿಕೊಟ್ಟಳು. ಎಪ್ಪತ್ತೊಂದು ವರ್ಷದ ಗಂಟು ಬಿಚ್ಚಿತು. ಅಕ್ಕ ತಂಗಿ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಏನಿತ್ತೋ ನನಗೆ ತಿಳಿಯದು. ದೇವೀರಿ ಬಾಗಿಲು ಎಳೆದುಕೊಂಡು ಹೊರಗೆ ಬಂದಿದ್ದಳು.

ತಮ್ಮ ಜತೆಗೇ ಚಾಪೆಯ ಮೇಲೆ ಬಂದು ಬಿದ್ದಿದ್ದ ತಿರುವಯ್ಯನ ಖಾಲಿ ಹಾಳೆಯಿಂದ ಮಕ್ಕಳು ಒಂದು ದೋಣಿ ಮಾಡಿ ಮೋರಿಯಲ್ಲಿ ಬಿಟ್ಟರು. ಅದು ಮೂರು ಸುತ್ತು ಸುತ್ತಿ ಮುಳುಗಿತು. ಅಂದಿನಿಂದ ಹೊಂಗೆನಾಡಿನಲ್ಲಿ ಯಾರ ಮನೆಯಲ್ಲೂ ತಟ್ಟೆ ಖಾಲಿ ಉಳಿಯಲಿಲ್ಲ. ದೇವೀರಿ ಮತ್ತು ತಿಮ್ಮಿ ಇಬ್ಬರೂ ಸೇರಿ ನಲವತ್ತು ಪುಸ್ತಕಗಳನ್ನೂ ಓದಿ ಮುಗಿಸಿದರು. ಮೂರು ವರ್ಷ ಹಿಡಿಯಿತು. ಹಿಡಿಯಲಿ, ಯಾರಿಗೆ ಏನು ಅವಸರ?

ಅವರೆಲ್ಲ ಅಲ್ಲಿ ಒಂದು ಪುಸ್ತಕ ಎರಡು ಮಡಿಲಲ್ಲಿಟ್ಟುಕೊಂಡು ಸುಖವಾಗಿದ್ದಾರೆ. ನಮ್ಮ ಕತೆಗೂ ಇದೇ ಕೊನೆಯ ಹಾಳೆ. ಇಷ್ಟು ಹೊತ್ತು ನೀವು ಒಬ್ಬರೇ ಓದುತ್ತಿದ್ದರೆ, ಪಕ್ಕದಲ್ಲಿ ಯಾರಿದ್ದಾರೋ ಅವರನ್ನು ಕರೆದು ಕೂರಿಸಿಕೊಳ್ಳಿ. ಈ ಸಾಲನ್ನು ಅವರು ಓದಲಿ, ನೀವು ಕಾಯಿರಿ.